ಕಾಕಟೀಲ್ ಜೋಡಿ ತನ್ನ ಮರಿಗಳ ಗರಿ ಕೀಳುತ್ತಿದ್ದರೆ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ನಿನ್ನೆಯವರೆಗೂ ಗರಿ ತುಂಬಿಕೊಳ್ಳುತ್ತಿದ್ದ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಮರಿಯ ಕತ್ತು ಇಂದು ಬೋಳಾಗಿರುವುದನ್ನು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಗುಟುಕು ಕೊಟ್ಟು ಸಾಕುತ್ತಿರುವ ತಂದೆತಾಯಿಯೇ ಕಿತ್ತಿವೆ ಎಂದು ತಿಳಿದಾಗ ಸಂಕಟ ಇನ್ನೂ ಹೆಚ್ಚು. ಆ ಗಾಬರಿಯಲ್ಲಿ ಕೆಲವರು ದೊಡ್ಡ ಹಕ್ಕಿಗಳನ್ನು ಗೂಡಿನಿಂದ ಓಡಿಸಿಬಿಡುತ್ತಾರೆ. ಇನ್ನು ಕೆಲವರು ಎಲ್ಲ ಮರಿಗಳನ್ನೂ ಹೊರತೆಗೆದು ಅಂದೇ ಕೈಯಿಂದ ಉಣಿಸಲು ತೊಡಗುತ್ತಾರೆ. ಎರಡೂ ಅವಸರದ ಕೆಲಸ. ಕಿತ್ತ ಗರಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮತ್ತೆ ಹುಟ್ಟುತ್ತದೆ. ಆದರೆ ಕೈಯಿಂದ ಉಣಿಸುವಾಗ ಅತಿ ಬಿಸಿ ಆಹಾರದಿಂದ ಸುಟ್ಟ ಗಂಟಲಚೀಲ (ಗುಟುಕು ಮೊದಲು ಸೇರುವ, ಕತ್ತಿನ ಬುಡದ ಚೀಲ) ಅಥವಾ ಉಸಿರ್ನಾಳಕ್ಕೆ ಇಳಿದ ದ್ರವ ಮರಿಯ ಜೀವವನ್ನೇ ತೆಗೆಯಬಲ್ಲದು. ಆದ್ದರಿಂದ ಮೊದಲು ಮರಿಗೆ ಈಗ ಅಪಾಯವಿದೆಯೇ ಎಂದು ನೋಡಿ. ಇಲ್ಲವೆಂದಾದರೆ ಯಾವ ಹಕ್ಕಿ, ಯಾವ ಹೊತ್ತಿನಲ್ಲಿ, ಮೈಯ ಯಾವ ಭಾಗದಿಂದ ಕೀಳುತ್ತಿದೆ ಎಂಬುದನ್ನು ಪತ್ತೆಮಾಡಿ. ಅಷ್ಟು ತಿಳಿದರೆ ಅರ್ಧ ಪರಿಹಾರ ಸಿಕ್ಕಿದಂತೆಯೇ.

ರಕ್ತ ಕಾಣುತ್ತಿದೆ, ಗಾಯವಿದೆ, ಅಥವಾ ಮರಿ ತಣ್ಣಗಿದೆ

ಇಂಥ ಸ್ಥಿತಿಯಲ್ಲಿ ಕಾರಣ ಹುಡುಕುತ್ತಾ ಕೂರಬಾರದು. ಮರಿಯನ್ನು ಕೂಡಲೇ ಹೊರತೆಗೆಯಬೇಕು.

ಬೆಳೆಯುತ್ತಿರುವ ಗರಿಯ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ. ದಂಟಿನ ಬುಡ ಕಪ್ಪು ಅಥವಾ ನೀಲಿ ಛಾಯೆಯಲ್ಲಿ ಕಾಣುವುದು ಅದಕ್ಕೇ. ಅಂಥ ಗರಿ ಮುರಿದರೆ ಅಥವಾ ಕಿತ್ತರೆ ರಕ್ತ ಸುರಿಯುತ್ತದೆ. ಹತ್ತಾರು ಗ್ರಾಂ ಮಾತ್ರ ತೂಗುವ ಜೀವಕ್ಕೆ ಕೆಲವು ಹನಿಗಳ ನಷ್ಟವೂ ದೊಡ್ಡದು. ಶುದ್ಧವಾದ ಬಟ್ಟೆಯನ್ನು ಅಥವಾ ಗಾಯಕ್ಕೆ ಕಟ್ಟುವ ತೆಳು ಬಟ್ಟೆಯ ತುಂಡನ್ನು ಗಾಯದ ಮೇಲಿಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ಮರಿಯ ಎದೆಯನ್ನು ಮಾತ್ರ ಒತ್ತಬೇಡಿ. ಎದೆ ಹಿಗ್ಗದಿದ್ದರೆ ಹಕ್ಕಿ ಉಸಿರಾಡಲಾರದು. ಗರಿಯ ಮುರಿದ ತುದಿಗೆ ಸ್ವಲ್ಪ ಮೆಕ್ಕೆಜೋಳದ ಪಿಷ್ಟದ ಪುಡಿ (ಕಾರ್ನ್ ಫ್ಲೋರ್) ಒತ್ತಿದರೆ ರಕ್ತ ಹೆಪ್ಪುಗಟ್ಟಲು ಸಹಾಯವಾಗುತ್ತದೆ. ಉಗುರು ಕತ್ತರಿಸುವಾಗ ಬಳಸುವ ರಕ್ತ ನಿಲ್ಲಿಸುವ ಪುಡಿಯನ್ನು ಚರ್ಮದ ಮೇಲಿನ ಗಾಯಕ್ಕೆ ಹಚ್ಚಬೇಡಿ, ಅದು ಉರಿಯುತ್ತದೆ. ಐದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಹೊರಡಿ. ಮುರಿದ ಗರಿಯನ್ನು ನೀವೇ ಎಳೆದು ತೆಗೆಯಲು ಹೋಗಬೇಡಿ. ಬುಡದ ಕುಳಿಗೆ ಪೆಟ್ಟಾದರೆ ಅಲ್ಲಿ ಮುಂದೆ ಗರಿ ವಕ್ರವಾಗಿ ಬೆಳೆಯಬಹುದು, ಬೆಳೆಯದೆಯೂ ಇರಬಹುದು.

ಬೆರಳು, ಕೊಕ್ಕು, ರೆಕ್ಕೆಯ ತುದಿ ಅಥವಾ ತಲೆಯ ಚರ್ಮಕ್ಕೆ ಗಾಯವಾಗಿದ್ದರೆ ಅದು ಗರಿ ಕೀಳುವ ಅಭ್ಯಾಸವಲ್ಲ, ನೇರ ದಾಳಿ. ಆ ಮರಿಯನ್ನು ಅದೇ ಹಕ್ಕಿಯ ಜೊತೆ ಮತ್ತೆ ಬಿಡಬಾರದು. ಇದಕ್ಕೆ ಒಂದು ಹೊರತಿದೆ. ಮರಿಯ ಕಾಲಿಗೆ ಈಚೆಗೆ ಗುರುತಿನ ಉಂಗುರ ತೊಡಿಸಿದ್ದೀರಾ? ಹೊಳೆಯುವ ಆ ಉಂಗುರವನ್ನು ಗೂಡಿಗೆ ಬಿದ್ದ ಕಸವೆಂದು ಬಗೆದು ತಂದೆತಾಯಿ ಕಿತ್ತು ಎಸೆಯಲು ನೋಡುತ್ತವೆ. ಆ ಎಳೆದಾಟದಲ್ಲಿ ಕಾಲಿಗೆ ಪೆಟ್ಟಾಗುತ್ತದೆ. ಗಾಯ ಉಂಗುರದ ಸುತ್ತ ಮಾತ್ರ ಇದ್ದರೆ ತೊಂದರೆಯ ಮೂಲ ಉಂಗುರವೇ. ಕಾಲು ಊದಿಕೊಂಡಿದ್ದರೆ ಅದನ್ನು ವೈದ್ಯರೇ ಕತ್ತರಿಸಿ ತೆಗೆಯಲಿ.

ಮರಿ ಮುಟ್ಟಿದರೆ ತಣ್ಣಗಿದ್ದು, ಗಂಟಲಚೀಲ ಖಾಲಿಯಾಗಿ ಜೋತುಬಿದ್ದು, ಗುಟುಕಿಗಾಗಿ ಬಾಯಿ ತೆರೆಯುವ ಶಕ್ತಿಯೂ ಇಲ್ಲದಿದ್ದರೆ ಮೊದಲು ಬೆಚ್ಚಗೆ ಮಾಡಿ. ಆಹಾರ ಆಮೇಲೆ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಒಳಗೆ ಹೋದದ್ದು ಅಲ್ಲೇ ನಿಂತು ಹುಳಿಯುತ್ತದೆ.

ಬೋಳು ಕಾಣುತ್ತಿದೆ, ಆದರೆ ಕಿತ್ತ ಗುರುತಿಲ್ಲ

ಇಲ್ಲದ ದೋಷವನ್ನು ಸರಿಪಡಿಸಲು ಹೋಗಿ ನೆಮ್ಮದಿಯಾಗಿದ್ದ ಗೂಡನ್ನು ಕೆದಕುವವರಿದ್ದಾರೆ. ಅದಕ್ಕಾಗಿ ಮೊದಲು ಮರಿಯ ವಯಸ್ಸನ್ನು ಲೆಕ್ಕಹಾಕಿ. ಮೊಟ್ಟೆಯೊಡೆದ ಕಾಕಟೀಲ್ ಮರಿಯ ಮೇಲೆ ಹಳದಿ ತುಪ್ಪುಳ ಮಾತ್ರ ಇರುತ್ತದೆ. ಬಿಳಿಮುಖದ ತಳಿಯಲ್ಲಿ ಅದು ಬಿಳಿ. ಕಣ್ಣು ತೆರೆಯುವುದು ಎರಡನೆಯ ವಾರದ ಆರಂಭದಲ್ಲಿ. ಅದೇ ಹೊತ್ತಿಗೆ ಚರ್ಮದಡಿ ಗರಿಯ ಮೊಳಕೆಗಳು ಮುಳ್ಳಿನಂತೆ ಏಳತೊಡಗುತ್ತವೆ. ಮೂರನೆಯ ವಾರ ಮರಿ ಮುಳ್ಳುಹಂದಿಯಂತೆ ಕಾಣುತ್ತದೆ. ನಾಲ್ಕರಿಂದ ಐದನೆಯ ವಾರದಲ್ಲಿ ಗರಿ ತುಂಬಿ ಗೂಡು ಬಿಡುತ್ತದೆ. ತಾಯಿ ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆಯಿಡುವುದರಿಂದ ಮರಿಗಳೂ ಹಿಂದುಮುಂದಾಗಿ ಹುಟ್ಟುತ್ತವೆ. ಐದಾರು ಮರಿಗಳ ಗೂಡಿನಲ್ಲಿ ಹಿರಿಯದಕ್ಕೂ ಕಿರಿಯದಕ್ಕೂ ಒಂದು ವಾರಕ್ಕಿಂತ ಹೆಚ್ಚು ಅಂತರವಿರಬಹುದು. ಅಣ್ಣನ ಮೈತುಂಬ ಗರಿಯಿದ್ದು ತಮ್ಮ ಬೋಳಾಗಿದ್ದರೆ ಅದು ವಯಸ್ಸಿನ ವ್ಯತ್ಯಾಸ ಅಷ್ಟೇ ಆಗಿರಬಹುದು.

ಇನ್ನೊಂದು ಗೊಂದಲ ಲುಟಿನೋ ಹಕ್ಕಿಗಳದ್ದು. ಹಳದಿ-ಬಿಳಿ ಬಣ್ಣದ ಈ ತಳಿಯಲ್ಲಿ ಜುಟ್ಟಿನ ಹಿಂದೆ ಒಂದು ಬೋಳು ತೇಪೆ ವಂಶವಾಹಿಯಾಗಿಯೇ ಬರುತ್ತದೆ. ತಂದೆಯಲ್ಲೋ ತಾಯಿಯಲ್ಲೋ ಅದೇ ಜಾಗದಲ್ಲಿ ಅಂಥದೇ ಬೋಳು ಇದ್ದರೆ, ಚರ್ಮ ನಯವಾಗಿ ಶುಭ್ರವಾಗಿದ್ದರೆ, ಚಿಂತಿಸುವ ಅಗತ್ಯವಿಲ್ಲ. ಅದಕ್ಕೆ ಚಿಕಿತ್ಸೆಯೂ ಇಲ್ಲ.

ಗೂಡು ಬಿಟ್ಟ ಮರಿಯ ರೆಕ್ಕೆಯ ಅಥವಾ ಬಾಲದ ದೊಡ್ಡ ಗರಿಗಳು ಬೆಳಗಾಗುವಷ್ಟರಲ್ಲಿ ಮುರಿದಿದ್ದರೆ, ಪಂಜರದ ಗೋಡೆಯ ಮೇಲೆ ರಕ್ತದ ಸಿಡಿತವಿದ್ದರೆ, ತಂದೆತಾಯಿಯನ್ನು ದೂರುವ ಮೊದಲು ರಾತ್ರಿ ಏನಾಯಿತೆಂದು ಯೋಚಿಸಿ. ಕಾಕಟೀಲ್‌ಗಳು ಕತ್ತಲಲ್ಲಿ ಸಣ್ಣ ಸದ್ದಿಗೂ ಬೆದರಿ ಪಂಜರದೊಳಗೆ ಹಾರಾಡಿ ಬಡಿದುಕೊಳ್ಳುತ್ತವೆ. ರಾತ್ರಿಯಿಡೀ ಒಂದು ಮಂದ ದೀಪ ಉರಿಯುತ್ತಿದ್ದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ತಲೆ, ಕತ್ತು, ಬೆನ್ನು ಬೋಳಾಗಿ ಗೂಡಿನಲ್ಲಿ ಗರಿಗಳು ಬಿದ್ದಿವೆ

ಇದು ನಿಜವಾದ ಗರಿ ಕೀಳುವಿಕೆ. ತಲೆಯ ಮೇಲಿನ ಗರಿ ಹೋಗಿದ್ದರೆ ಅದನ್ನು ಕಿತ್ತದ್ದು ಆ ಮರಿಯಲ್ಲ ಎಂಬುದಂತೂ ಖಚಿತ. ಯಾವ ಹಕ್ಕಿಯ ಕೊಕ್ಕೂ ಅದರ ತಲೆಯನ್ನು ತಾನೇ ಮುಟ್ಟಲಾರದು. ಕಿತ್ತದ್ದು ತಾಯಿ, ತಂದೆ ಅಥವಾ ಒಡಹುಟ್ಟು.

ಗೂಡಿನಲ್ಲಿ ಬಿದ್ದ ಗರಿಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ. ಬುಡದ ಸಮೇತ ಇಡಿಯಾಗಿದ್ದರೆ ಅವನ್ನು ಕೀಳಲಾಗಿದೆ. ಬುಡದಲ್ಲಿ ಒಣಗಿದ ರಕ್ತವಿದ್ದರೆ ಬೆಳೆಯುತ್ತಿರುವಾಗಲೇ ಕಿತ್ತದ್ದು. ತುದಿ ಜಗಿದು, ದಂಟು ಚೂರಾಗಿದ್ದರೆ ಅದು ಬೇರೆ ಬಗೆ, ಮುಂದೆ ಹೇಳುತ್ತೇನೆ.

ಈಗ ಕೀಳುತ್ತಿರುವುದು ಯಾರೆಂದು ಪತ್ತೆಮಾಡಬೇಕು. ಊಹೆಯಿಂದ ತೀರ್ಮಾನಿಸಬೇಡಿ. ಕಾಕಟೀಲ್‌ಗಳಲ್ಲಿ ಕಾವು ಕೂರುವ ಪಾಳಿಯಿದೆ: ಹಗಲಿನ ಹೆಚ್ಚು ಹೊತ್ತು ಗಂಡು, ರಾತ್ರಿ ಹೆಣ್ಣು. ಮರಿಗಳಾದ ಮೇಲೂ ಕೆಲವು ದಿನ ಇದೇ ಕ್ರಮ ನಡೆಯುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಮರಿಗಳ ಚಿತ್ರ ತೆಗೆದಿಟ್ಟು ಹೋಲಿಸಿ ನೋಡಿ. ಬೋಳು ರಾತ್ರಿ ಬೆಳೆಯುತ್ತಿದೆಯೇ, ಹಗಲಿನಲ್ಲೇ ಎಂಬುದು ತಿಳಿದರೆ ಅನುಮಾನ ಒಂದು ಹಕ್ಕಿಯ ಕಡೆಗೆ ವಾಲುತ್ತದೆ. ಗೂಡಿನೊಳಗೆ ಸಣ್ಣ ಕ್ಯಾಮೆರಾ ಇಡಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದೂರದಿಂದ ಕಿವಿಗೊಟ್ಟು ಕೇಳುವುದೂ ಉಪಯೋಗಕ್ಕೆ ಬರುತ್ತದೆ. ಗುಟುಕು ಬೇಡುವ ಮರಿಯ ಏಕತಾನದ ಕೂಗಿಗೂ ನೋವಿನಿಂದ ಹಠಾತ್ತನೆ ಹೊಮ್ಮುವ ಕಿರುಚಿಗೂ ಇರುವ ವ್ಯತ್ಯಾಸ ಒಂದೆರಡು ದಿನಗಳಲ್ಲಿ ಕಿವಿಗೆ ಪರಿಚಯವಾಗುತ್ತದೆ.

ಪತ್ತೆಯ ಕೆಲಸ ನಡೆಯುತ್ತಿರುವಾಗಲೇ ಖರ್ಚಿಲ್ಲದ ಕೆಲವು ತಪಾಸಣೆ ಮುಗಿಸಿಬಿಡಿ. ಗೂಡಿನ ಹಾಸು ಒದ್ದೆಯಾಗಿದೆಯೇ? ಮೂರು ವಾರದ ನಾಲ್ಕೈದು ಮರಿಗಳು ದಿನವೊಂದಕ್ಕೆ ಹಾಕುವ ಹಿಕ್ಕೆ ಕಡಿಮೆಯದಲ್ಲ. ಅದು ಮೈಗೆ ಮೆತ್ತಿ ಒಣಗಿದಾಗ ತಂದೆತಾಯಿ ಅದನ್ನು ಕಿತ್ತು ಶುಚಿಮಾಡಲು ಹೋಗಿ ಗರಿಯನ್ನೂ ಎಳೆಯುತ್ತವೆ. ಹಾಸನ್ನು ತೆಗೆದು ಒಣಗಿದ ಪೈನ್ ಮರದ ದಪ್ಪ ಹೆರೆಗಳನ್ನು ಹಾಕಿ. ಸೀಡರ್ ಮರದ ಹೆರೆ ಬೇಡ, ಅದರ ಎಣ್ಣೆಯ ಘಾಟು ಹಕ್ಕಿಗಳ ಉಸಿರಾಟಕ್ಕೆ ಕೆಡುಕು. ಮರದ ಸಣ್ಣ ಹೊಟ್ಟೂ ಬೇಡ, ಅದರ ಧೂಳು ಮರಿಗಳ ಮೂಗಿಗೆ ಹೋಗುತ್ತದೆ. ಮರಿಯ ಮೈಗೆ ಅಂಟಿದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ತೆಗೆದು, ಮೈ ಪೂರ್ತಿ ಒಣಗಿದ ಮೇಲೆ ಗೂಡಿಗೆ ಬಿಡಿ.

ಆಮೇಲೆ ಜಾಗ. ಗೂಡುಪೆಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಸುಮಾರು 30 ಸೆಂಟಿಮೀಟರ್ ಇದ್ದರೆ ಸಾಧಾರಣ ಸಂಸಾರಕ್ಕೆ ಸಾಕು. ಅದಕ್ಕಿಂತ ಕಿರಿದಾದ ಪೆಟ್ಟಿಗೆಯಲ್ಲಿ ಆರು ಮರಿಗಳಿದ್ದರೆ ದೊಡ್ಡ ಹಕ್ಕಿ ಒಳಗೆ ತಿರುಗಲೂ ಆಗದೆ ಸಿಕ್ಕಿದ್ದನ್ನು ಕೊಕ್ಕಿನಿಂದ ಎಳೆಯುತ್ತದೆ, ಮರಿಗಳೂ ಒಂದನ್ನೊಂದು ಜಗಿಯುತ್ತವೆ. ಗೂಡಿನೊಳಗಿನ ಸೆಕೆಯನ್ನೂ ಗಮನಿಸಿ. ಮರಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಾ ಒಂದರಿಂದ ಒಂದು ದೂರ ಬಿದ್ದುಕೊಂಡಿದ್ದರೆ ಗಾಳಿಯ ಕಿಂಡಿ ಹೆಚ್ಚಿಸಬೇಕು. ಕಡೆಯದಾಗಿ, ದಿನಕ್ಕೆ ಎಷ್ಟು ಸಲ ಮುಚ್ಚಳ ತೆಗೆಯುತ್ತಿದ್ದೀರಿ? ಮನೆಯ ಮಕ್ಕಳು, ನೋಡಲು ಬಂದವರು, ಬೆಕ್ಕು ಗೂಡಿನ ಸುತ್ತ ಸುಳಿಯುತ್ತಿದ್ದರೆ ಹಕ್ಕಿಯ ಕಳವಳ ಮರಿಯ ಮೇಲೆ ತಿರುಗಬಹುದು. ದಿನಕ್ಕೆ ಒಂದೆರಡು ಬಾರಿ, ಅದೂ ತಂದೆತಾಯಿ ಹೊರಗೆ ತಿನ್ನಲು ಬಂದಾಗ ನೋಡಿದರೆ ಸಾಕು.

ಇಷ್ಟರಿಂದಲೇ ನಿಂತರೆ ಒಳ್ಳೆಯದು. ನಿಲ್ಲದಿದ್ದರೆ ಮುಂದಿನ ಕಾರಣವೇ ಹೆಚ್ಚಿನ ಗೂಡುಗಳಲ್ಲಿ ಸಿಗುತ್ತದೆ.

ಮರಿಗಳು ಗೂಡಿನಲ್ಲಿರುವಾಗಲೇ ಜೋಡಿ ಮತ್ತೆ ಕೂಡುತ್ತಿದೆ, ಹೊಸ ಮೊಟ್ಟೆ ಬಂದಿದೆ

ಮರಿಗಳಿಗೆ ಮೂರು ವಾರ ತುಂಬುವ ಹೊತ್ತಿಗೆ ಗಂಡು ರೆಕ್ಕೆಯನ್ನು ಮೈಯಿಂದ ಸ್ವಲ್ಪ ಬಿಡಿಸಿ ಹಿಡಿದು ಸಿಳ್ಳೆ ಹೊಡೆಯುತ್ತಾ ಹೆಣ್ಣಿನ ಹಿಂದೆ ನಡೆಯುತ್ತದೆ. ಹೆಣ್ಣು ಬಾಲವೆತ್ತಿ ಬಗ್ಗಿ ಮೆಲ್ಲಗೆ ಕುಯ್ಗುಡುತ್ತದೆ. ಅದರ ಹಿಕ್ಕೆ ದೊಡ್ಡದಾಗುತ್ತದೆ, ಹೊಟ್ಟೆಯ ಕೆಳಭಾಗ ಉಬ್ಬುತ್ತದೆ. ಒಂದು ಬೆಳಿಗ್ಗೆ ಮರಿಗಳ ಕಾಲಡಿ ಬಿಳಿ ಮೊಟ್ಟೆ ಉರುಳುತ್ತಿರುತ್ತದೆ. ಹಕ್ಕಿಗಳ ಮೈ ಮುಂದಿನ ಸಂಸಾರಕ್ಕೆ ಅಣಿಯಾಗಿದೆ. ಆದರೆ ಗೂಡು ಖಾಲಿಯಾಗಿಲ್ಲ. ಗೂಡನ್ನು ತೆರವು ಮಾಡುವ ಒತ್ತಡವೇ ಮರಿಗಳ ಮೇಲೆ ಗರಿ ಕೀಳುವ ರೂಪದಲ್ಲಿ ಎರಗುತ್ತದೆ. ಇದರಲ್ಲಿ ಕ್ರೌರ್ಯ ಹುಡುಕುವುದು ತಪ್ಪು. ಅದೇ ಹಕ್ಕಿ ಗರಿ ಕಿತ್ತ ಮರುಕ್ಷಣ ಅದೇ ಮರಿಗೆ ಗುಟುಕು ಕೊಡುವುದನ್ನು ನೋಡಬಹುದು. ಗದರಿಸಿದರೆ, ನೀರು ಚಿಮುಕಿಸಿದರೆ ಅದಕ್ಕೆ ಅರ್ಥವಾಗುವುದಿಲ್ಲ. ಗೂಡಿನಲ್ಲಿ ಭಯ ಮಾತ್ರ ಹೆಚ್ಚುತ್ತದೆ.

ಮರಿಗಳಿಗೆ ಮೂರು ವಾರ ಕಳೆದಿದ್ದು ನಡೆದಾಡುತ್ತಿದ್ದರೆ ನಾನು ಎಲ್ಲಕ್ಕಿಂತ ಮೊದಲು ಸೂಚಿಸುವುದು ಜಾಲರಿಯ ತಡೆ. ದೊಡ್ಡ ಪಂಜರವನ್ನು ಜಾಲರಿಯಿಂದ ಎರಡಾಗಿ ಮಾಡಿ ಒಂದು ಕಡೆ ಮರಿಗಳು, ಇನ್ನೊಂದು ಕಡೆ ತಂದೆತಾಯಿ. ಕಂಬಿಗಳ ನಡುವಿನ ಅಂತರ 12ರಿಂದ 16 ಮಿಲಿಮೀಟರ್ ಇರಲಿ. ಕೊಕ್ಕು ತೂರಬೇಕು, ತಲೆ ತೂರಬಾರದು. ಹಸಿದ ಮರಿ ತಾನಾಗಿ ಕಂಬಿಯ ಬಳಿ ಬಂದು ಕೂಗುತ್ತದೆ, ದೊಡ್ಡ ಹಕ್ಕಿ ಅಲ್ಲಿಂದಲೇ ಗುಟುಕು ಕೊಡುತ್ತದೆ, ಹೊಟ್ಟೆ ತುಂಬಿದ ಮರಿ ಹಿಂದಕ್ಕೆ ಸರಿಯುತ್ತದೆ. ಬೆನ್ನು, ರೆಕ್ಕೆ ಆಗ ಕೊಕ್ಕಿಗೆ ಎಟುಕುವುದಿಲ್ಲ. ಸತುವಿನ ಲೇಪವಿರುವ ಅಗ್ಗದ ಜಾಲರಿ ಮಾತ್ರ ಬೇಡ. ಹಕ್ಕಿಗಳು ಅದನ್ನು ಜಗಿದರೆ ಸತುವಿನ ವಿಷ ಮೈಗೇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸುರಕ್ಷಿತ. ಮರಿಗಳ ಕಡೆ ಕಡಿಮೆ ಎತ್ತರದ ಒಂದು ಪೆಟ್ಟಿಗೆಯಲ್ಲಿ ಹಾಸು ಹಾಕಿ, ಒಂದು ಮೂಲೆಗೆ ಮಾತ್ರ ಶಾಖ ಬರುವಂತೆ ಮಾಡಿ. ಚಳಿಯಾದ ಮರಿ ಅಲ್ಲಿಗೆ ಹೋಗಲಿ, ಸೆಕೆಯಾದದ್ದು ಈಚೆಗೆ ಬರಲಿ.

ಮೊದಲ ದಿನ ಈ ವ್ಯವಸ್ಥೆಯ ಮೇಲೆ ನಿಗಾ ಇರಬೇಕು. ತಂದೆತಾಯಿ ನಿಜವಾಗಿಯೂ ಗುಟುಕು ಕೊಡುತ್ತಿವೆಯೇ ಎಂದು ತಿಳಿಯಲು ಮರಿಯ ಗಂಟಲಚೀಲವನ್ನೂ ತೂಕವನ್ನೂ ನೋಡಿ. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಈ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತ ಸಾಧನ. ದಿನಾ ಬೆಳಿಗ್ಗೆ ಮೊದಲ ಗುಟುಕಿಗೆ ಮುಂಚೆ ತೂಗಿ ಬರೆದಿಡಿ. ಬೆಳೆಯುವ ಮರಿಯ ತೂಕ ದಿನೇದಿನೇ ಏರಬೇಕು. ಗೂಡು ಬಿಡುವ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಇಳಿಯುವುದು ಸಹಜ. ಅದಕ್ಕೆ ಮುಂಚೆಯೇ ಎರಡು ದಿನ ಸತತವಾಗಿ ಇಳಿದರೆ ವ್ಯವಸ್ಥೆ ಸಾಲುತ್ತಿಲ್ಲ.

ಒಂದೇ ಹಕ್ಕಿ ಕೀಳುತ್ತಿದೆ ಎಂದು ಖಚಿತವಾಗಿದ್ದರೆ ಆ ಒಂದನ್ನು ಬೇರೆ ಪಂಜರಕ್ಕೆ ಸರಿಸಿ, ಮರಿಗಳನ್ನು ಇನ್ನೊಂದರ ಬಳಿ ಬಿಡುವುದು ಇನ್ನೂ ಸುಲಭ. ಗಂಡು ಕಾಕಟೀಲ್ ಒಂಟಿಯಾಗಿ ಮರಿ ಸಾಕಬಲ್ಲದು. ಎರಡು ವಾರ ದಾಟದ ಮರಿಗಳಿದ್ದರೆ ಮಾತ್ರ ರಾತ್ರಿಯ ಕಾವು ತಪ್ಪದಂತೆ ನೋಡಿಕೊಳ್ಳಬೇಕು. ತಾಯಿಯನ್ನು ತೆಗೆದರೆ ಆ ಶಾಖವನ್ನು ನೀವು ಒದಗಿಸಬೇಕಾಗುತ್ತದೆ. ಒಂದೇ ಹಕ್ಕಿ ಉಳಿದಾಗ ಕೂಡುವುದೂ ನಿಲ್ಲುತ್ತದೆ. ಹಲವು ಗೂಡುಗಳಲ್ಲಿ ಗರಿ ಕೀಳುವುದೂ ಅದರ ಜೊತೆಗೇ ನಿಲ್ಲುತ್ತದೆ.

ಹೊಸ ಮೊಟ್ಟೆಗಳು ಬಂದಾಗಿದ್ದರೆ? ಕೂಡಲೇ ಎತ್ತಿ ಎಸೆದರೆ ಹೆಣ್ಣು ಇನ್ನಷ್ಟು ಮೊಟ್ಟೆಯಿಡುತ್ತದೆ, ಅದರ ಮೈಯ ಸುಣ್ಣದಂಶ ಬರಿದಾಗುತ್ತದೆ. ಮೊಟ್ಟೆಗಳನ್ನು ಗಟ್ಟಿಯಾಗುವಂತೆ ಬೇಯಿಸಿ, ಆರಿಸಿ, ಮತ್ತೆ ಅಲ್ಲೇ ಇಟ್ಟರೆ ಹೆಣ್ಣು ಅವುಗಳ ಮೇಲೆ ಕೂತು ಕೆಲವು ವಾರಗಳಲ್ಲಿ ತಾನಾಗಿ ಕೈಬಿಡುತ್ತದೆ. ಈ ನಡುವೆ ಹೆಣ್ಣು ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು, ಬಾಲ ಮೇಲೆಕೆಳಗೆ ಆಡಿಸುತ್ತಾ ಮುಕ್ಕರಿಯುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಅದು ಮರಿಗಳ ಸಮಸ್ಯೆಗಿಂತ ತುರ್ತಾದದ್ದು, ಅದೇ ದಿನ ವೈದ್ಯರು ನೋಡಬೇಕು.

ಗೂಡು ಬಿಟ್ಟ ಮರಿಗಳನ್ನು ಗಂಡು ಅಟ್ಟಾಡಿಸಿ ಕುಕ್ಕುವುದು ಇದೇ ಕಥೆಯ ಮುಂದಿನ ಅಧ್ಯಾಯ. ಗೂಡುಪೆಟ್ಟಿಗೆಯನ್ನು ತೆಗೆದುಬಿಟ್ಟರೆ ಹೆಚ್ಚಾಗಿ ಶಾಂತವಾಗುತ್ತದೆ. ದೀಪದ ಬೆಳಕು ಸೇರಿ ಹಗಲು 12 ಗಂಟೆ ಮೀರುತ್ತಿದ್ದರೆ ಅದನ್ನು 10 ಗಂಟೆಗೆ ಇಳಿಸಿ. ದೀರ್ಘ ಹಗಲು ಸಂತಾನದ ಬಯಕೆಯನ್ನು ಕೆರಳಿಸುತ್ತದೆ.

ಗರಿಯ ತುದಿಗಳು ಜಗಿದಂತಿವೆ, ಆದರೆ ಪೂರ್ತಿ ಬೋಳಾಗಿಲ್ಲ

ಇದು ಹೆಚ್ಚಾಗಿ ಅತಿಯಾದ ನೇವರಿಕೆ. ಮರಿಯ ಗರಿಮೊಳಕೆಯ ಮೇಲೊಂದು ಒಣ ಸಿಪ್ಪೆಯಿರುತ್ತದೆ, ತಂದೆತಾಯಿ ಅದನ್ನು ಕೊಕ್ಕಿನಿಂದ ಬಿಡಿಸುತ್ತವೆ. ಮೊದಲ ಬಾರಿ ಮರಿ ಮಾಡಿದ ಜೋಡಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಪಂಜರದಲ್ಲಿ ಕೊಕ್ಕಿಗೆ ಬೇರೆ ಕೆಲಸವೇ ಇಲ್ಲದಿದ್ದರೆ ದಿನವಿಡೀ ಅದೇ ನಡೆಯುತ್ತದೆ. ಔಷಧ ಸಿಂಪಡಿಸದ ಮರದ ಹಸಿ ಕೊಂಬೆ, ಬಣ್ಣವಿಲ್ಲದ ಕಾಗದದ ಪಟ್ಟಿಗಳು, ತೊಗಟೆಯ ಚೂರು, ನವಣೆಯ ತೆನೆ ಇವನ್ನು ಪಂಜರದಲ್ಲೂ ಗೂಡಿನ ಬಾಯಿಯಲ್ಲೂ ಕಟ್ಟಿ. ಕೊಕ್ಕಿಗೆ ಹರಿಯಲು ಏನಾದರೂ ಸಿಕ್ಕರೆ ಮರಿಯ ಮೇಲಿನ ಗಮನ ಕಡಿಮೆಯಾಗುತ್ತದೆ. ದಾರದ ಎಳೆಗಳು ಬೇಡ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತವೆ.

ಆಹಾರವನ್ನೂ ಇಲ್ಲಿಯೇ ಪರಿಶೀಲಿಸಿ. ಒಣ ಕಾಳು ಮಾತ್ರ ತಿನ್ನುವ ಜೋಡಿಗೆ ಸುಣ್ಣ, ಎ ಜೀವಸತ್ವ ಮತ್ತು ಗರಿ ಬೆಳೆಯಲು ಬೇಕಾದ ಪ್ರೋಟೀನಿನ ಅಂಶಗಳು ಸಾಲುವುದಿಲ್ಲ. ಅವು ಮರಿಗಳಿಗೆ ಕೊಡುವ ಗುಟುಕಿನಲ್ಲೂ ಅದೇ ಕೊರತೆ. ಹಕ್ಕಿಗಳಿಗೆಂದೇ ತಯಾರಿಸಿದ ಪೆಲೆಟ್ (ಗುಳಿಗೆಯಂಥ ಆಹಾರ), ಬೇಯಿಸಿದ ಮೊಟ್ಟೆ, ಮೊಳಕೆ ಕಾಳು, ಹಸಿರು ಸೊಪ್ಪು, ಕ್ಯಾರೆಟ್, ಕಟಲ್‌ಫಿಶ್ ಎಂಬ ಕಡಲಜೀವಿಯ ಮೂಳೆ ಮರಿಗಳಿರುವಷ್ಟು ಕಾಲ ದಿನಾ ಸಿಗಲಿ. ಮೊಟ್ಟೆ, ಮೊಳಕೆಗಳನ್ನು ಕೆಲವು ಗಂಟೆಗಳಲ್ಲಿ ತೆಗೆದುಬಿಡಿ, ಬೇಗ ಹಳಸುತ್ತವೆ. ಅವಕಾಡೊ ಹಣ್ಣು, ಚಾಕೊಲೇಟ್ ಹಕ್ಕಿಗಳಿಗೆ ವಿಷ. ಮರಿಗಳು ತಾವಾಗಿ ತಿನ್ನತೊಡಗಿದ ಮೇಲೆ ದೊಡ್ಡ ಹಕ್ಕಿಗಳಿಗೆ ಮೊಟ್ಟೆಯ ಆಹಾರ ಕಡಿಮೆ ಮಾಡಿ. ಸಮೃದ್ಧ ಊಟವೂ ಮತ್ತೆ ಮೊಟ್ಟೆಯಿಡಲು ಹಕ್ಕಿಯನ್ನು ಪ್ರೇರೇಪಿಸುತ್ತದೆ.

ಮರಿಯ ಮೈಗೆ ಕಹಿ ದ್ರವ, ಎಣ್ಣೆ, ಮುಲಾಮು ಹಚ್ಚುವ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಬೇಡ. ಎಣ್ಣೆ ಮೆತ್ತಿದ ತುಪ್ಪುಳ ಶಾಖ ಹಿಡಿದಿಡುವುದಿಲ್ಲ. ಹಚ್ಚಿದ್ದೆಲ್ಲ ಕೊನೆಗೆ ಹೋಗುವುದು ತಂದೆತಾಯಿಯ ಬಾಯಿಗೆ, ಅಲ್ಲಿಂದ ಗುಟುಕಿನೊಡನೆ ಮರಿಯ ಹೊಟ್ಟೆಗೆ.

ದೊಡ್ಡ ಹಕ್ಕಿಗಳೂ ತುರಿಸಿಕೊಳ್ಳುತ್ತಿವೆ, ತಮ್ಮ ಗರಿಯನ್ನೂ ಕೀಳುತ್ತಿವೆ

ಇಲ್ಲಿಂದ ಮುಂದೆ ಮನೆಯ ತಪಾಸಣೆಗೆ ಮಿತಿಯಿದೆ. ಆದರೂ ಒಂದನ್ನು ನೀವೇ ನೋಡಬಹುದು. ಕೆಂಪು ನುಸಿ ಹಗಲು ಗೂಡಿನ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಪಂಜರದ ಮೇಲೆ ರಾತ್ರಿ ಬಿಳಿ ಬಟ್ಟೆ ಹೊದಿಸಿ, ಬೆಳಗಾಗುವ ಮುನ್ನ ಟಾರ್ಚ್ ಹಿಡಿದು ಬಟ್ಟೆಯ ಮಡಿಕೆಗಳನ್ನೂ ಗೂಡಿನ ಸಂದುಗಳನ್ನೂ ನೋಡಿ. ಹರಿದಾಡುವ ಕೆಂಪು ಅಥವಾ ಬೂದು ಚುಕ್ಕೆಗಳಿದ್ದರೆ ನುಸಿಯಿದೆ. ಮರಿಯ ಬಾಯಿಯೊಳಗಿನ ಬಣ್ಣ ಬಿಳಿಚಿದ್ದರೆ ರಕ್ತಹೀನತೆಯಾಗಿದೆ, ಕಾಯುವಂತಿಲ್ಲ. ಹಾಸನ್ನು ಪೂರ್ತಿ ತೆಗೆದು ಬಿಸಾಡಿ, ಮರಿಗಳನ್ನು ಶುದ್ಧ ಪೆಟ್ಟಿಗೆಗೆ ಸರಿಸಿ. ನಾಯಿ ಬೆಕ್ಕುಗಳ ಚಿಗಟದ ಔಷಧವನ್ನಾಗಲಿ ಮನೆಯ ಕೀಟನಾಶಕವನ್ನಾಗಲಿ ಗೂಡಿಗೆ ಸಿಂಪಡಿಸಬೇಡಿ. ಮರಿಯ ತೂಕಕ್ಕೆ ತಕ್ಕ ಔಷಧವನ್ನು ವೈದ್ಯರೇ ಹೇಳಬೇಕು.

ಕಣ್ಣಿಗೆ ಕಾಣದ ಇನ್ನೊಂದು ಕಾರಣ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ. ಕಾಕಟೀಲ್‌ಗಳಲ್ಲಿ ಇದು ತೀವ್ರ ತುರಿಕೆಗೆ ಕಾರಣವಾಗಬಲ್ಲದು. ಹಕ್ಕಿ ರೆಕ್ಕೆಯಡಿಯ, ತೊಡೆಯ ಒಳಭಾಗದ ಗರಿಗಳನ್ನು ಕಿರುಚುತ್ತಾ ಕೀಳುತ್ತದೆ, ಹಿಕ್ಕೆ ನೀರಾಗಿ ವಾಸನೆ ಬರುತ್ತದೆ, ಮರಿಗಳು ಸೊರಗುತ್ತವೆ. ತಾಜಾ ಹಿಕ್ಕೆಯ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ಒಮ್ಮೆಗೆ ಸಿಗದೆಯೂ ಇರಬಹುದಾದ್ದರಿಂದ ವೈದ್ಯರು ಮತ್ತೆ ಮಾದರಿ ಕೇಳಿದರೆ ಬೇಸರಿಸಬೇಡಿ. ಹಿಕ್ಕೆ ಮುಟ್ಟಿದ ಮೇಲೆ ಕೈಗಳನ್ನು ಸೋಪು ಹಾಕಿ ತೊಳೆಯಿರಿ.

ಹೊಸದಾಗಿ ಬರುವ ಗರಿಗಳೇ ವಿಕಾರವಾಗಿವೆ

ಗರಿ ಮೋಟಾಗಿ, ತಿರುಚಿಕೊಂಡು, ಬುಡದಲ್ಲಿ ಹಿಸುಕಿದಂತಾಗಿ, ದಂಟಿನಲ್ಲಿ ಒಣ ರಕ್ತ ನಿಂತು, ಯಾರೂ ಮುಟ್ಟದೆ ಉದುರುತ್ತಿದ್ದರೆ ಅದು ಕೀಳುವಿಕೆಯಲ್ಲ. ಪಾಲಿಯೋಮಾ ವೈರಸ್ ಅಥವಾ ಗಿಳಿ ಜಾತಿಯ ಕೊಕ್ಕು-ಗರಿ ರೋಗದ ಸರ್ಕೋವೈರಸ್ ಇರಬಹುದು. ಕೊಕ್ಕು-ಗರಿ ರೋಗ ಕಾಕಟೀಲ್‌ಗಳಲ್ಲಿ ಉಳಿದ ಗಿಳಿಗಳಿಗಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇವು ಗರಿಯ ಧೂಳಿನಿಂದಲೂ ಹಿಕ್ಕೆಯಿಂದಲೂ ಹರಡುತ್ತವೆ. ಆ ಗೂಡನ್ನು ಪ್ರತ್ಯೇಕಿಸಿ, ಉಳಿದ ಹಕ್ಕಿಗಳನ್ನು ನೋಡಿಕೊಂಡ ಮೇಲೆ ಕಡೆಯಲ್ಲಿ ಇದನ್ನು ನೋಡಿ, ಪರೀಕ್ಷೆಯ ಫಲಿತಾಂಶ ಬರುವವರೆಗೆ ಯಾವ ಮರಿಯನ್ನೂ ಬೇರೆಯವರಿಗೆ ಕೊಡಬೇಡಿ.

ಎಲ್ಲ ಮಾಡಿದರೂ ನಿಲ್ಲುತ್ತಿಲ್ಲ, ಮರಿಗಳನ್ನು ತೆಗೆಯಲೇಬೇಕಾಗಿದೆ

ಆಗ ಮಾತ್ರ ಕೈಯಿಂದ ಉಣಿಸುವುದು. ಅದಕ್ಕೂ ಮುಂಚೆ ಒಂದು ಸಾಧ್ಯತೆ ನೋಡಿ: ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ಆರೋಗ್ಯವಂತ ಜೋಡಿಯಿದ್ದರೆ ಒಂದೆರಡು ಮರಿಗಳನ್ನು ಅಲ್ಲಿಗೆ ಸೇರಿಸಬಹುದು. ರೋಗದ ಅನುಮಾನವಿದ್ದರೆ ಈ ದಾರಿ ಮುಚ್ಚಿದೆ.

ಶಾಖದ ಪೆಟ್ಟಿಗೆ ಮೊದಲು ಸಿದ್ಧವಾಗಲಿ. ಎರಡು ವಾರದ ಮರಿಗೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ಮೂರು ವಾರಕ್ಕೆ 29ರಿಂದ 30, ಗರಿ ತುಂಬಿದ ಮೇಲೆ 26ರ ಆಸುಪಾಸು. ಗರಿ ಕಳೆದುಕೊಂಡ ಮರಿಯನ್ನು ಅದರ ವಯಸ್ಸಿಗಿಂತ ಒಂದು ವಾರ ಚಿಕ್ಕದೆಂದು ಎಣಿಸಿ ಶಾಖ ಕೊಡಿ. ಉಷ್ಣಮಾಪಕಕ್ಕಿಂತ ಮರಿಯೇ ಚೆನ್ನಾಗಿ ಹೇಳುತ್ತದೆ: ಒತ್ತಿಕೊಂಡು ನಡುಗಿದರೆ ಚಳಿ, ರೆಕ್ಕೆ ಬಿಡಿಸಿ ಏದುಸಿರು ಬಿಟ್ಟರೆ ಸೆಕೆ. ಕೆಲವು ಶಾಖದ ಬಲ್ಬುಗಳಿಗೂ ಅಂಟದ ಬಾಣಲೆಗಳಿಗೂ ಇರುವ ಪಿಟಿಎಫ್ಇ (ಟೆಫ್ಲಾನ್ ಬಗೆಯ) ಲೇಪ ಅತಿಯಾಗಿ ಕಾದರೆ ಹೊಮ್ಮುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಬಲ್ಬು ಕೊಳ್ಳುವಾಗ ಇದನ್ನು ಕೇಳಿ ತಿಳಿಯಿರಿ.

ಗಿಳಿಮರಿಗಳಿಗೆಂದೇ ಸಿಗುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ 39ರಿಂದ 41 ಡಿಗ್ರಿಯಲ್ಲಿ ಉಣಿಸಬೇಕು. 43 ದಾಟಿದರೆ ಗಂಟಲಚೀಲ ಸುಡುತ್ತದೆ, ತಣ್ಣಗಿದ್ದರೆ ಜೀರ್ಣವಾಗದೆ ನಿಲ್ಲುತ್ತದೆ. ಬೆರಳಿನ ಅಂದಾಜು ಸಾಲದು, ಉಷ್ಣಮಾಪಕವೇ ಬೇಕು. ಮೈಕ್ರೋವೇವ್‌ನಲ್ಲಿ ಬಿಸಿಮಾಡಿದರೆ ನಡುನಡುವೆ ಕುದಿಯುವ ಜಾಗಗಳು ಉಳಿಯುತ್ತವೆ. ಒಂದು ಹೊತ್ತಿಗೆ ಮರಿಯ ತೂಕದ ಹತ್ತರಲ್ಲೊಂದು ಪಾಲು ಮೀರದಿರಲಿ. ಮರಿ ತಾನಾಗಿ ತಲೆಯಾಡಿಸಿ ಬೇಡುವಾಗ ಮಾತ್ರ ಕೊಡಿ, ಬಲವಂತವಾಗಿ ಸುರಿದರೆ ಉಸಿರ್ನಾಳಕ್ಕೆ ಇಳಿಯುತ್ತದೆ. ದಿನಕ್ಕೊಮ್ಮೆ, ರಾತ್ರಿ ಕಳೆಯುವಷ್ಟರಲ್ಲಿ, ಚೀಲ ಪೂರ್ತಿ ಖಾಲಿಯಾಗಬೇಕು. ಬೆಳಿಗ್ಗೆಯೂ ತುಂಬಿದ್ದು ಹುಳಿ ವಾಸನೆ ಬಂದರೆ, ಉಸಿರಾಡುವಾಗ ಕ್ಲಿಕ್ ಎಂಬ ಸದ್ದು ಬಂದರೆ, ಮತ್ತೆ ಉಣಿಸದೆ ವೈದ್ಯರಿಗೆ ತೋರಿಸಿ. ಈ ಕೆಲಸ ಹಿಂದೆ ಮಾಡಿಲ್ಲದವರು ಮೊದಲ ಬಾರಿ ಅನುಭವಿಗಳ ಎದುರಿನಲ್ಲೇ ಮಾಡುವುದು ಉಚಿತ.

ಗರಿ ಮತ್ತೆ ಬರುತ್ತಿಲ್ಲ, ಅಥವಾ ಪ್ರತಿ ಸಂಸಾರದಲ್ಲೂ ಇದೇ ಆಗುತ್ತಿದೆ

ಬುಡಸಮೇತ ಕಿತ್ತ ಜಾಗದಲ್ಲಿ ಹೊಸ ಮೊಳಕೆ ಒಂದೆರಡು ವಾರಗಳಲ್ಲಿ ಕಾಣಿಸಿಕೊಳ್ಳಬೇಕು. ಕತ್ತು, ಬೆನ್ನು ಬೇಗ ಮುಚ್ಚುತ್ತವೆ, ರೆಕ್ಕೆ ಬಾಲಗಳಿಗೆ ಹೆಚ್ಚು ಕಾಲ ಬೇಕು. ತುಂಡಾಗಿ ದಂಟು ಉಳಿದ ಗರಿ ಮುಂದಿನ ಉದುರುವ ಕಾಲದವರೆಗೆ ಹಾಗೆಯೇ ಇರುತ್ತದೆ, ಅದಕ್ಕೆ ಆತುರಪಡಬೇಡಿ. ಎರಡು ತಿಂಗಳು ಕಳೆದರೂ ಚರ್ಮ ನುಣುಪಾಗಿಯೇ ಇದ್ದರೆ ವೈದ್ಯರು ನೋಡಲಿ. ಹಾರಲು ಕಲಿಯುವ ವಯಸ್ಸಿಗೆ ರೆಕ್ಕೆಯ ಗರಿ ಬಾರದ ಮರಿಯನ್ನು ಕೂರುವ ಕೋಲು ತಗ್ಗಿನಲ್ಲಿರುವ ಪಂಜರದಲ್ಲಿ ಇಡಿ, ತಳಕ್ಕೆ ದಪ್ಪ ಬಟ್ಟೆ ಹಾಸಿ.

ಒಂದು ಬಾರಿ ಕಿತ್ತ ಜೋಡಿಗೆ ಇನ್ನೊಂದು ಅವಕಾಶ ಕೊಡುವುದರಲ್ಲಿ ತಪ್ಪಿಲ್ಲ. ವರ್ಷಕ್ಕೆ ಎರಡು ಸಂಸಾರ ಮೀರದಂತೆ, ನಡುವೆ ತಿಂಗಳುಗಟ್ಟಲೆ ಗೂಡುಪೆಟ್ಟಿಗೆಯಿಲ್ಲದ ವಿಶ್ರಾಂತಿ ಕೊಟ್ಟು, ದೊಡ್ಡ ಪೆಟ್ಟಿಗೆ, ಒಳ್ಳೆಯ ಆಹಾರ ಒದಗಿಸಿ ನೋಡಿ. ಆಗಲೂ ಅದೇ ಹಕ್ಕಿ ಅದೇ ವಯಸ್ಸಿನ ಮರಿಗಳ ಗರಿ ಕಿತ್ತರೆ ಆ ಹಕ್ಕಿಯಿಂದ ಮರಿ ಮಾಡಿಸುವುದನ್ನು ನಿಲ್ಲಿಸಿ. ಬಣ್ಣ ಎಷ್ಟೇ ಅಪರೂಪದ್ದಾಗಿರಲಿ, ನನ್ನ ನಿಲುವು ಇದೇ. ಜೋಡಿಯನ್ನು ಬೇರ್ಪಡಿಸಬೇಕೆಂದೇನೂ ಇಲ್ಲ. ಗೂಡುಪೆಟ್ಟಿಗೆ ಕೊಡದೆ, ಮೊಟ್ಟೆ ಬಂದರೆ ಹುಸಿ ಮೊಟ್ಟೆಗಳನ್ನು ಇಟ್ಟು, ಅವೆರಡೂ ಜೊತೆಯಾಗಿ ಬಾಳಲು ಬಿಡಬಹುದು.